ಕಾಲ್ ಕಟ್ ಮಾಡೋದನ್ನು ಅಭ್ಯಾಸ ಮಾಡಿಸಿದೆವು

ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಫೋನ್ ವಂಚನೆ ತಡೆಯುವ ಕೆಲಸ ನನ್ನ ಪಾಲಿನದು. ದುಡ್ಡು ಕಳೆದುಕೊಂಡವರ ಮನೆಗಳಿಗೆ ಹೋಗಿ, ಕೂತು ಮಾತಾಡಿದಾಗ ಒಂದು ವಿಷಯ ಎದ್ದು ಕಂಡಿತು. ಓಟಿಪಿ ಯಾರಿಗೂ ಹೇಳಬಾರದು ಅನ್ನೋದು ಅವರಿಗೆಲ್ಲ ಗೊತ್ತಿತ್ತು. ಅವರ ಕೈಲಿ ಆಗದೇ ಹೋದದ್ದು ಕಾಲ್ ಕಟ್ ಮಾಡೋದು. ಎದುರಿಗಿರುವವನು ದೊಡ್ಡ ಅಧಿಕಾರಿಯ ಗತ್ತಿನಲ್ಲಿ ಮಾತಾಡುತ್ತಿದ್ದಾನೆ. ಮಧ್ಯದಲ್ಲೇ ಫೋನ್ ಇಟ್ಟುಬಿಡೋದು ಹೇಗೆ ಅನ್ನೋ ಸಂಕೋಚ ಒಂದು ಕಡೆ, ಭಯ ಇನ್ನೊಂದು ಕಡೆ.

'ಡಿಜಿಟಲ್ ಅರೆಸ್ಟ್' ನಡೆಯೋದೇ ಈ ಭಯದ ಮೇಲೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಅಕ್ರಮ ಹಣ ಸಾಗಿಸಿದ್ದಾರೆ ಅಂತ ಶುರುವಾಗುತ್ತದೆ. ಆಮೇಲೆ ಯೂನಿಫಾರ್ಮ್ ಹಾಕಿಕೊಂಡವನೊಬ್ಬ ವಿಡಿಯೋ ಕಾಲ್‌ಗೆ ಬರುತ್ತಾನೆ. ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ ಅನ್ನುತ್ತಾನೆ. ನನ್ನ ಪ್ರಕಾರ ಇಡೀ ಮೋಸದ ಜೀವಾಳ ಇರೋದು ಆ ಕೊನೆಯ ಮಾತಿನಲ್ಲೇ. ಪಕ್ಕದಲ್ಲಿ ಒಬ್ಬರಿದ್ದು "ಯಾರದು ಫೋನು?" ಅಂತ ಕೇಳಿದರೆ ಅವನ ಆಟ ಅರ್ಧ ಮುಗಿದ ಹಾಗೆ.

ಹಾಗಾಗಿ ಪೋಸ್ಟರ್‌ಗಿಂತ ಮನುಷ್ಯರೇ ಬೇಕು ಅನ್ನಿಸಿತು. ಠಾಣೆಗೆ ಹೋಗಿ ನಮ್ಮ ಬೀಟ್ ಪೊಲೀಸರನ್ನು ಕೇಳಿಕೊಂಡೆವು. ಕರ್ನಾಟಕದಲ್ಲಿ 2025ರಲ್ಲಿ 'ಮನೆ ಮನೆಗೆ ಪೊಲೀಸ್' ಅನ್ನೋ ಕಾರ್ಯಕ್ರಮ ಶುರುವಾಗಿದೆ, ಬೀಟ್ ಸಿಬ್ಬಂದಿ ಮನೆಗೆ ಬಂದು ಮಾತಾಡಿಸೋದು ಈಗ ಹೊಸದೇನಲ್ಲ. ನಾವು ಕೇಳಿದ್ದು ಇಷ್ಟೇ: ಒಂಟಿಯಾಗಿರುವ ಹಿರಿಯರ ಮನೆಗೆ ಮೊದಲು ಬನ್ನಿ, ಅವಸರ ಮಾಡಬೇಡಿ. ಬಂದರು. ನಿಜವಾದ ಪೊಲೀಸರು ಮನೆಯಲ್ಲಿ ಕೂತು, "ಅಮ್ಮಾ, ವಿಡಿಯೋ ಕಾಲ್‌ನಲ್ಲಿ ಅರೆಸ್ಟ್ ಮಾಡೋ ಕಾನೂನೇ ಇಲ್ಲ. ನನ್ನ ಹೆಸರು ಹೇಳಿಕೊಂಡು ಯಾರಾದರೂ ದುಡ್ಡು ಕೇಳಿದರೂ ಫೋನ್ ಇಟ್ಟುಬಿಡಿ" ಅಂದಾಗ ಆಗುವ ಪರಿಣಾಮವೇ ಬೇರೆ. ಪರಿಚಯದ ಮುಖ ಒಂದಿದ್ದರೆ ಪೊಲೀಸ್ ಅನ್ನೋ ಪದಕ್ಕೆ ಹೆದರೋದು ಕಡಿಮೆಯಾಗುತ್ತದೆ. ವಾಟ್ಸಾಪ್‌ನಲ್ಲಿ 'ನೋಟಿಸ್' ಬಂದರೆ ಏನು ಮಾಡೋದು ಅಂತಲೂ ಕೆಲವರು ಕೇಳಿದರು. ವಿಚಾರಣೆಗೆ ಹಾಜರಾಗಿ ಅನ್ನುವ ನೋಟಿಸನ್ನು ಪೊಲೀಸರು ವಾಟ್ಸಾಪ್‌ನಲ್ಲಿ ಕೊಡುವಂತಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಠಾಣೆಯ ನಂಬರಿನ ಜೊತೆ ಮನೆಮನೆಗೆ ಕೊಟ್ಟೆವು.

ಆಮೇಲೆ ಅಭ್ಯಾಸ. ಇದು ಸುಮ್ನೆ ಆಟದ ಹಾಗೆ ಕಾಣಬಹುದು, ಆದರೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆದದ್ದು ಇದೇ. ಮೊದಲೇ ತಿಳಿಸಿ, ಒಪ್ಪಿಗೆ ಪಡೆದು, ನಮ್ಮಲ್ಲೇ ಒಬ್ಬರು ನಕಲಿ ಅಧಿಕಾರಿಯಾಗಿ ಫೋನ್ ಮಾಡುತ್ತಿದ್ದರು. ಗದರಿಸುತ್ತಿದ್ದರು, ಆಮೇಲೆ ನಯವಾಗಿ ಮಾತಾಡುತ್ತಿದ್ದರು. ಕೇಳಿಸಿಕೊಳ್ಳುವವರ ಕೆಲಸ ಒಂದೇ: "ನಾನು ಠಾಣೆಗೇ ಹೋಗಿ ಮಾತಾಡ್ತೀನಿ" ಅಂದು ಕಟ್ ಮಾಡೋದು. ವಾದ ಬೇಡ, ಪ್ರಶ್ನೆ ಬೇಡ. ವಾದಕ್ಕಿಳಿದರೆ ಅವನ ಹತ್ತಿರ ಉತ್ತರ ರೆಡಿ ಇರುತ್ತದೆ. ನಿವೃತ್ತ ಶಿಕ್ಷಕಿಯೊಬ್ಬರಿಗೆ ಮೊದಮೊದಲು ಕಟ್ ಮಾಡಲು ಕೈಯೇ ಬರುತ್ತಿರಲಿಲ್ಲ. ಅವರಿಗೆ ನಿಜವಾದ ವಂಚಕನ ಕಾಲ್ ಬಂದಾಗ ಅದೇ ಮಾತು ಹೇಳಿ ಇಟ್ಟು, ನೇರವಾಗಿ ಪಕ್ಕದ ಮನೆಯ ಬಾಗಿಲು ತಟ್ಟಿದರು. ನನಗೆ ಆ ದಿನ ಆದ ಸಂತೋಷ ಅಷ್ಟಿಷ್ಟಲ್ಲ.

ದುಡ್ಡು ಹೋಗೇಬಿಟ್ಟರೆ? ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಆ ಕ್ಷಣವೇ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೇಗಬೇಗ ಹಾರುತ್ತದೆ. 1930ರಲ್ಲಿ ದೂರು ದಾಖಲಾದರೆ ಹಣ ಸಾಗಿದ ದಾರಿಯಲ್ಲಿರುವ ಬ್ಯಾಂಕ್‌ಗಳಿಗೆ ಸುದ್ದಿ ಹೋಗಿ, ಇನ್ನೂ ಖಾತೆಯಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯಬಹುದು. ಎಟಿಎಂನಿಂದ ತೆಗೆದಾದ ಮೇಲೆ ಕಷ್ಟ. ಹೋದ ಮೊತ್ತ, ಸಮಯ, ವ್ಯವಹಾರದ ನಂಬರ್ ಕೈಯಲ್ಲಿರಲಿ. ವಂಚಕನ ಮೆಸೇಜ್‌ಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಅವೇ ಸಾಕ್ಷಿ. ಬ್ಯಾಂಕಿಗೂ ತಿಳಿಸಿ, ಆದರೆ ಕಾರ್ಡಿನ ಹಿಂದೆ ಇರುವ ನಂಬರಿಗೇ ಮಾಡಿ. ಗೂಗಲ್‌ನಲ್ಲಿ ಹುಡುಕಿದರೆ ನಕಲಿ ಕಸ್ಟಮರ್ ಕೇರ್ ಸಿಕ್ಕಿ ಎರಡನೇ ಸಲ ಮೋಸ ಹೋಗುವ ಅಪಾಯ ಇದೆ.

ಇಷ್ಟೆಲ್ಲ ಗೊತ್ತಿದ್ದರೂ ಜನ ತಡಮಾಡುತ್ತಾರೆ. ಕಾರಣ ನಾಚಿಕೆ. ಮಗ ಬೈತಾನೆ, ಸೊಸೆ ಏನಂದ್ಕೋತಾಳೋ, ಅಕ್ಕಪಕ್ಕದವರು ನಗ್ತಾರೆ ಅಂತ ರಾತ್ರಿಯೆಲ್ಲ ಒಬ್ಬರೇ ಕೊರಗುತ್ತಾರೆ. ಅಷ್ಟರಲ್ಲಿ ಹಣ ಕೈ ಮೀರಿ ಹೋಗಿರುತ್ತದೆ. ಆದ್ದರಿಂದ ನಾವು ಮಕ್ಕಳನ್ನೂ ಕೂರಿಸಿಕೊಂಡು ಮಾತಾಡಿದೆವು. ಅಪ್ಪ ಅಮ್ಮ ಹೇಳಿದ ತಕ್ಷಣ "ನಿಮಗೆ ಅಷ್ಟೂ ಗೊತ್ತಾಗಲ್ವಾ?" ಅನ್ನಬೇಡಿ, ಮೊದಲು 1930ಕ್ಕೆ ಫೋನ್ ಹಚ್ಚಿ ಅಂದೆವು. ಇದು ದಂಧೆ, ದಿನವಿಡೀ ಇದನ್ನೇ ಮಾಡುವವರು ಹೆಣೆದ ಬಲೆ. ಓದಿದವರು, ಬ್ಯಾಂಕಿನಲ್ಲಿ ದುಡಿದವರು ಕೂಡ ಬಿದ್ದಿದ್ದಾರೆ. ಸಂಘದ ಗುಂಪಿನಲ್ಲಿ ಮೋಸ ಹೋದವರ ಹೆಸರು ಹಾಕಬಾರದು ಅನ್ನೋದು ನಮ್ಮ ಕಟ್ಟುನಿಟ್ಟಿನ ನಿಯಮ. ಯಾವ ತರಹದ ಕಾಲ್ ಬಂತು ಅಂತಷ್ಟೇ ಹಾಕುತ್ತೇವೆ.

ಹಣ ಹೋಗದೆ ಬಚಾವಾದ ಕಾಲ್‌ಗಳನ್ನೂ ಬಿಡುವುದಿಲ್ಲ. ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ವೆಬ್‌ಸೈಟಿನಲ್ಲಿ 2024ರಿಂದ 'ಚಕ್ಷು' ಅನ್ನೋ ಸೌಲಭ್ಯ ಇದೆ. ಅನುಮಾನದ ಕಾಲ್, ಮೆಸೇಜ್‌ಗಳನ್ನು ಅಲ್ಲಿ ವರದಿ ಮಾಡಬಹುದು. ಹಿರಿಯರಿಗೆ ಅದನ್ನು ತುಂಬಿಕೊಡೋದನ್ನು ಕಾಲೇಜು ಹುಡುಗ ಹುಡುಗಿಯರು ವಹಿಸಿಕೊಂಡಿದ್ದಾರೆ. ಬೀಟ್ ಪೊಲೀಸರು ಬಂದಾಗ ಆ ವಾರದ ಕಾಲ್‌ಗಳ ವಿವರವನ್ನು ಅವರಿಗೂ ಕೊಡುತ್ತೇವೆ. ಅವರು ಅದನ್ನು ಮುಂದಿನ ಬಡಾವಣೆಯ ಮನೆಗಳಲ್ಲಿ ಹೇಳುತ್ತಾರೆ.