ಒರಟು ಬೆಳ್ಳಿಯ ಮೇಲೆ ಕಂಪನ ಹಿಡಿಯುವುದು ಹೇಗೆ?

ಲೇಸರ್ ಬೆಳಕು ಅಣುಗಳಿಗೆ ತಾಗಿ ಚದುರುವಾಗ, ಅವುಗಳ ಕಂಪನಕ್ಕೆ ತಕ್ಕಂತೆ ಅದರಲ್ಲಿ ಚೂರು ಭಾಗದ ಬಣ್ಣ ಬದಲಾಗುತ್ತದೆ; ಅದೇ ರಾಮನ್ ಸಿಗ್ನಲ್. ಲೋಹಕ್ಕೆ ಅಂಟಿಕೊಂಡ ಒಂದೇ ಪದರ ಅಣುಗಳಿಂದ ಅದು ಸಿಗುವುದು ಕಷ್ಟ. ಆದರೆ ಬೆಳ್ಳಿಯನ್ನು ಸರಿಯಾಗಿ ಒರಟು ಮಾಡಿದರೆ ಅದೇ ಸಿಗ್ನಲ್ ಲಕ್ಷಗಟ್ಟಲೆ ಪಟ್ಟು ಏರುತ್ತದೆ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ರಸಾಯನಶಾಸ್ತ್ರಜ್ಞ ಫ್ಲೈಷ್‌ಮನ್ ಅವರ ತಂಡ ಇದನ್ನು ಮೊದಲು ಕಂಡಾಗ, ಒರಟಾದ್ದರಿಂದ ಜಾಗ ಜಾಸ್ತಿಯಾಗಿ ಹೆಚ್ಚು ಅಣು ಕೂತಿವೆ ಅಷ್ಟೇ ಅಂದುಕೊಂಡಿತ್ತು. ಜಾಗದ ಲೆಕ್ಕಕ್ಕೆ ಇಷ್ಟು ಏರಿಕೆ ಹೊಂದುವುದಿಲ್ಲ ಅಂತ 1977ರಲ್ಲಿ ಬೇರೆ ಎರಡು ತಂಡಗಳು ತೋರಿಸಿದವು. ನಿಜವಾದ ಕಾರಣ, ಪುಟ್ಟ ಉಬ್ಬುಗಳಲ್ಲಿ ಬೆಳ್ಳಿಯ ಎಲೆಕ್ಟ್ರಾನ್‌ಗಳು ಬೆಳಕಿನ ಜೊತೆ ಒಟ್ಟಾಗಿ ತೂಗಿ, ಅಲ್ಲಿ ವಿದ್ಯುತ್ ಕ್ಷೇತ್ರ ವಿಪರೀತ ಬಲವಾಗುವುದು.

ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದರೆ ಸಾಕಲ್ವಾ? ಸಾಲದು. ಅದರ ಗೀರು ತುಂಬಾ ದೊಡ್ಡದು, ನಮಗೆ ಬೇಕಿರುವುದು 10ರಿಂದ 100 ನ್ಯಾನೋಮೀಟರ್ ಅಳತೆಯ ಉಬ್ಬು.

ಹಾಗಾಗಿ ಮೊದಲು ಉಲ್ಟಾ ಕೆಲಸ: ಬೆಳ್ಳಿಯನ್ನು ಅಲ್ಯುಮಿನಾ ಪುಡಿಯಲ್ಲಿ, ಕೊನೆಗೆ 0.05 ಮೈಕ್ರಾನ್‌ವರೆಗೆ, ಕನ್ನಡಿಯಂತೆ ಹೊಳೆಯುವಷ್ಟು ಪಾಲಿಶ್ ಮಾಡಿ. ಚೆನ್ನಾಗಿ ತೊಳೆದು 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣಕ್ಕೆ ಇಳಿಸಿ, ನಾವು ಕಂಪನ ಹಿಡಿಯಲಿರುವ ಅಣುವಾದ ಪಿರಿಡಿನ್ ಸ್ವಲ್ಪ ಸೇರಿಸಿ (ನಾತ ಕೆಟ್ಟದು, ವಿಷವೂ ಹೌದು, ಫ್ಯೂಮ್ ಹುಡ್ ಬಿಟ್ಟು ಹೊರಗೆ ಬಾಟಲಿ ತೆರೆಯಬೇಡಿ). ಈ ನಯವಾದ ಬೆಳ್ಳಿಯ ರಾಮನ್ ಸ್ಪೆಕ್ಟ್ರಮ್ (ಯಾವ ಕಂಪನಕ್ಕೆ ಎಷ್ಟು ಸಿಗ್ನಲ್ ಎಂಬ ನಕ್ಷೆ) ಒಂದನ್ನು ಈಗಲೇ ತೆಗೆದಿಡಿ. ಇದನ್ನು ಬಿಟ್ಟರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ.

ಈಗ ಪೊಟೆನ್ಶಿಯೊಸ್ಟಾಟ್‌ನಲ್ಲಿ (ವೋಲ್ಟೇಜನ್ನು ನಿಖರವಾಗಿ ಹಿಡಿದಿಡುವ ಉಪಕರಣ), ವೋಲ್ಟೇಜ್ ಅಳೆಯಲು ಬೆಳ್ಳಿ-ಬೆಳ್ಳಿ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ ಇಟ್ಟುಕೊಂಡು, ಮೈನಸ್ 0.3 ವೋಲ್ಟ್‌ನಿಂದ ಪ್ಲಸ್ 0.2ಕ್ಕೆ ಏರಿಸಿ ಕೆಲವು ಸೆಕೆಂಡ್ ನಿಲ್ಲಿಸಿ, ವಾಪಸ್ ಇಳಿಸಿ. ಮೇಲೇರಿದಾಗ ಬೆಳ್ಳಿ ಕರಗಿ ಕ್ಲೋರೈಡ್ ಪದರವಾಗುತ್ತದೆ, ಇಳಿದಾಗ ಮತ್ತೆ ಬೆಳ್ಳಿಯಾಗಿ ಗಂಟುಗಂಟಾಗಿ ಕೂರುತ್ತದೆ. ಹೊಳಪು ಹೋಗಿ ಮಬ್ಬು ಹಳದಿ ಬಣ್ಣ ಬಂದರೆ ಕೆಲಸ ಆಗಿದೆ ಅಂತ. ಕಪ್ಪಗಾದರೆ ಅತಿಯಾಯಿತು, ಪಾಲಿಶ್‌ನಿಂದ ಮತ್ತೆ ಶುರು ಮಾಡಿ.

ಸ್ಪೆಕ್ಟ್ರೋಮೀಟರನ್ನು ಸಿಲಿಕಾನ್‌ನ ಸೆಂಟಿಮೀಟರಿಗೆ 520ರ ಗೆರೆಯಲ್ಲಿ (ಬೆಳಕಿನ ಬಣ್ಣ ಎಷ್ಟು ಸರಿದಿದೆ ಎಂಬುದರ ಅಳತೆ ಇದು) ಸರಿಹೊಂದಿಸಿಕೊಂಡು, ಹಸಿರು ಲೇಸರನ್ನು ಕೆಲವೇ ಮಿಲಿವ್ಯಾಟ್‌ನಲ್ಲಿ ಬಿಡಿ. ಸೆಂಟಿಮೀಟರಿಗೆ 1008 ಮತ್ತು 1036ರ ಆಸುಪಾಸಿನಲ್ಲಿ ಎರಡು ಚೂಪು ಪೀಕ್ ಎದ್ದರೆ ಅದೇ ಪಿರಿಡಿನ್ ಉಂಗುರದ ಕಂಪನ. 1350 ಮತ್ತು 1580ರಲ್ಲಿ ಅಗಲವಾದ ದಿಬ್ಬ ಕಂಡರೆ ಖುಷಿಪಡಬೇಡಿ. ಅದು ಇಂಗಾಲದ ಕೊಳೆ, ಲೇಸರ್ ಜಾಸ್ತಿಯಾಗಿ ಅಣುಗಳನ್ನು ಸುಟ್ಟಿರಲೂಬಹುದು.

ನನಗಂತೂ ಇವೆಲ್ಲಕ್ಕಿಂತ 240ರ ಹತ್ತಿರದ ಪೀಕ್ ಇಷ್ಟ. ಅಲ್ಲಿ ಅಲುಗುತ್ತಿರುವುದು ಬೆಳ್ಳಿ ಮತ್ತು ಕ್ಲೋರೈಡ್ ನಡುವಿನ ಬಂಧವೇ. ಲೇಸರ್‌ನ ಸ್ವಂತ ಬೆಳಕನ್ನು ತಡೆಯುವ ಫಿಲ್ಟರ್ ಅಷ್ಟು ಕೆಳಗಿನವರೆಗೆ ಬಿಡುತ್ತದಾ ನೋಡಿಕೊಳ್ಳಿ. ವೋಲ್ಟೇಜನ್ನು ಮೈನಸ್ ಕಡೆಗೆ ಒಯ್ದಂತೆ ಕ್ಲೋರೈಡ್ ಬಿಟ್ಟುಹೋಗಿ ಈ ಪೀಕ್ ಕುಗ್ಗುತ್ತದೆ. ಆದರೆ ಮೈನಸ್ 1 ವೋಲ್ಟ್ ದಾಟಿಸಬೇಡಿ, ಹಾಗೆ ಹೋದ ಸಿಗ್ನಲ್ ವಾಪಸ್ ತಂದರೂ ಪೂರ್ತಿ ಬರುವುದಿಲ್ಲ.