ಟ್ರಾವೆಲ್ ಟ್ರೈಲರ್‌ಗೆ ಡಿಸ್ಕ್ ಬ್ರೇಕ್ ಹಾಕಿದ ಬಗೆ

ಅಮೆರಿಕದಲ್ಲಿ ಮಾರುವ ಟ್ರಾವೆಲ್ ಟ್ರೈಲರ್‌ಗಳಿಗೆ, ಅಂದರೆ ಟ್ರಕ್ಕಿನ ಹಿಂದೆ ಎಳೆದೊಯ್ಯುವ ಚಕ್ರದ ಮನೆಗಳಿಗೆ, ಹೆಚ್ಚಾಗಿ ಎಲೆಕ್ಟ್ರಿಕ್ ಡ್ರಮ್ ಬ್ರೇಕನ್ನೇ ಹಾಕಿ ಕೊಡುತ್ತಾರೆ. ಪ್ರತಿ ಡ್ರಮ್ಮಿನೊಳಗೂ ಒಂದು ಅಯಸ್ಕಾಂತ ಇರುತ್ತದೆ. ಟ್ರಕ್ಕಿನ ಕಂಟ್ರೋಲರ್ (ಟ್ರೈಲರ್ ಬ್ರೇಕನ್ನು ನಡೆಸುವ ಪೆಟ್ಟಿಗೆ) ಕರೆಂಟು ಕೊಟ್ಟರೆ ಅದು ತಿರುಗುವ ಡ್ರಮ್ಮಿಗೆ ಕಚ್ಚಿಕೊಂಡು ಒಂದು ಲಿವರನ್ನು ಎಳೆಯುತ್ತದೆ, ಲಿವರು ಡ್ರಮ್ಮಿನ ಒಳಗೋಡೆಗೆ ಒತ್ತುವ ಶೂಗಳನ್ನು ಅಗಲಿಸುತ್ತದೆ. ಅಗ್ಗ, ಸರಳ. ಆದರೆ ಡೆನ್ವರ್‌ನ ಪಶ್ಚಿಮಕ್ಕೆ ಐ-70ರಲ್ಲಿ ಐಸೆನ್‌ಹೋವರ್ ಸುರಂಗ ದಾಟಿದ ಮೇಲೆ ಸಿಗುವಂಥ ಉದ್ದ ಇಳಿಜಾರಿನಲ್ಲಿ ಡ್ರಮ್ಮು ಕಾದು ಹಿಗ್ಗುತ್ತದೆ, ಶೂಗಳಿಂದ ದೂರ ಸರಿಯುತ್ತದೆ, ಹಿಡಿತ ಇಳಿಯುತ್ತದೆ. ಜೊತೆಗೆ ಎರಡು ಹಳೇ ಕಾಯಿಲೆಗಳು: ಸ್ಪಿಂಡಲ್ (ಚಕ್ರ ಕೂರುವ ಆಕ್ಸಲ್ ತುದಿ) ತುದಿಯ ನಿಪ್ಪಲ್‌ನಿಂದ ಗ್ರೀಸ್ ಗನ್ನು ಜಾಸ್ತಿ ಒತ್ತಿದರೆ ಹಿಂದಿನ ಸೀಲ್ ದಾಟಿ ಶೂಗಳ ಮೇಲೆ ಗ್ರೀಸು ಹರಡುತ್ತದೆ, ಆಕ್ಸಲ್ ಕೊಳವೆಯೊಳಗೆ ಎಳೆದ ವೈರು ಅಲುಗಾಡಿ ಸವೆದು ಶಾರ್ಟ್ ಆಗುತ್ತದೆ. ನನ್ನ ಟ್ರೈಲರ್‌ನಲ್ಲಿ ಎರಡೂ ಇದ್ದವು. ಅದಕ್ಕೇ ಡ್ರಮ್ಮು ತೆಗೆದು ಡಿಸ್ಕ್ ಬ್ರೇಕ್ ಹಾಕಿದೆ.

ಟ್ರೈಲರ್ 30 ಅಡಿಯದು, 6,000 ಪೌಂಡಿನ ಎರಡು ಆಕ್ಸಲ್, 12 ಇಂಚಿನ ಡ್ರಮ್ಮು, 5.5 ಇಂಚಿನ ವೃತ್ತದಲ್ಲಿ ಆರು ಸ್ಟಡ್. ಇದಕ್ಕೆ ಬೇಕಾದದ್ದು: ಹಬ್ಬೂ ರೋಟರೂ (ಚಕ್ರದ ಜೊತೆ ತಿರುಗುವ ತಟ್ಟೆ) ಒಂದೇ ತುಂಡಾಗಿರುವ 12 ಇಂಚಿನ ಡಿಸ್ಕ್ ಸೆಟ್ ನಾಲ್ಕು, ಆ ತಟ್ಟೆಯನ್ನು ಎರಡೂ ಕಡೆ ಪ್ಯಾಡುಗಳಿಂದ ಹಿಡಿಯುವ ಕ್ಯಾಲಿಪರ್ ಮತ್ತು ಅದರ ಬ್ರಾಕೆಟ್ಟು ನಾಲ್ಕು, ಬೇರಿಂಗು (ಒಳಗೆ 25580, ಹೊರಗೆ 15123), ಹೊಸ ಸೀಲು, ಮತ್ತು ಟ್ರಕ್ಕಿನ ಕರೆಂಟ್ ಸಿಗ್ನಲ್ಲನ್ನು ದ್ರವದ ಒತ್ತಡವಾಗಿ ಮಾಡುವ ಪಂಪು, ಅಂದರೆ ಆಕ್ಚುಯೇಟರ್. ಕೊಳ್ಳುವಾಗ ಕಣ್ಣಿಡಬೇಕಾದದ್ದು ಪಂಪಿನ ಒತ್ತಡದ ಮೇಲೆ. ಡ್ರಮ್ಮಿಗೆಂದು ಮಾರುವ ಪಂಪು 1,000 ಪಿಎಸ್‌ಐ (ಚದರ ಇಂಚಿಗೆ ಪೌಂಡು) ಕೊಡುತ್ತದೆ, ಡಿಸ್ಕಿಗೆ 1,600 ಬೇಕು. ಕಡಿಮೆಯದನ್ನು ತಂದರೆ ಬ್ರೇಕು ಹಿಡಿಯುತ್ತದೆ, ಗಾಡಿ ನಿಲ್ಲುವುದಿಲ್ಲ. 12 ಇಂಚಿನ ರೋಟರಿಗೆ ಕನಿಷ್ಠ 15 ಇಂಚಿನ ಚಕ್ರ ಇರಬೇಕು. ಸ್ಟೆಪ್ನಿಯನ್ನೂ ಹಾಕಿ ನೋಡಿ. ಅದರ ರಿಮ್ಮು ಬೇರೆ ತರಹದ್ದಾಗಿದ್ದರೆ ಕ್ಯಾಲಿಪರ್‌ಗೆ ತಾಗಬಹುದು.

ಚಕ್ರದ ಕಡೆಯ ಕೆಲಸ ಒಂದು ದಿನದ್ದು. ಜಾಕನ್ನು ಆಕ್ಸಲ್ ಕೊಳವೆಗೆ ಕೊಡಬಾರದು, ಕೊಳವೆ ಬಾಗುತ್ತದೆ. ಫ್ರೇಮಿಗೆ ಕೊಟ್ಟು ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಡ್ರಮ್ಮು ಎಳೆದು, ವೈರು ಕತ್ತರಿಸಿ, ಹಿಂದಿನ ತಟ್ಟೆಯ ಐದು ನಟ್ಟು ಬಿಚ್ಚಿದರೆ ಆಕ್ಸಲ್ ತುದಿಯ ಚಪ್ಪಟೆ ಫ್ಲಾಂಜು ಮಾತ್ರ ಉಳಿಯುತ್ತದೆ. ಅದರ ಮೇಲಿನ ತುಕ್ಕು, ಬಣ್ಣ ಎಲ್ಲವನ್ನೂ ತಂತಿ ಬ್ರಷ್ಷಿನಿಂದ ಕೆರೆಯಿರಿ. ಬ್ರಾಕೆಟ್ಟು ಓರೆಯಾಗಿ ಕೂತರೆ ಪ್ಯಾಡು ಓರೆಯಾಗಿ ಸವೆಯುತ್ತದೆ. ಬೇರಿಂಗಿಗೆ ಗ್ರೀಸನ್ನು ಅಂಗೈಯಲ್ಲಿಟ್ಟು ರೋಲರ್ ಸಂದಿಗಳಿಂದ ಮೇಲೆ ಉಕ್ಕುವ ತನಕ ಒತ್ತಿ ತುಂಬಿದೆ. ಸ್ಪಿಂಡಲ್ ನಟ್ಟನ್ನು ಹಬ್ಬು ತಿರುಗಿಸುತ್ತಲೇ 50 ಅಡಿ-ಪೌಂಡಿಗೆ ಬಿಗಿದು, ಆಮೇಲೆ ಹಬ್ಬು ತಿರುಗಿಸದೆ ಸಡಿಲಿಸಿ, ಬೆರಳಲ್ಲಿ ಬಿಗಿದು, ಕಾಟರ್ ಪಿನ್ ಹಾಕಬೇಕು. ರೋಟರಿನ ಎಣ್ಣೆ ಪದರವನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸದೆ ಪ್ಯಾಡು ಹಾಕಬೇಡಿ.

ಕ್ಯಾಲಿಪರ್ ಕೂರಿಸುವಾಗ ಗಾಳಿ ತೆಗೆಯುವ ಬ್ಲೀಡರ್ ಮೇಲಕ್ಕೆ ಇರಲೇಬೇಕು. ಎಡಬಲ ಅದಲುಬದಲಾದರೆ ಬ್ಲೀಡರ್ ಕೆಳಗೆ ಬೀಳುತ್ತದೆ, ಗಾಳಿ ಮೇಲೆಯೇ ನಿಲ್ಲುತ್ತದೆ, ಎಷ್ಟು ಸಲ ಪಂಪು ಮಾಡಿದರೂ ಹೋಗುವುದಿಲ್ಲ.

ಸಮಯ ತಿನ್ನುವುದು ಪೈಪು. ಮುಂದಿನ ಪಂಪಿನಿಂದ ಆಕ್ಸಲ್ ತನಕ 1/4 ಇಂಚಿನದು, ಅಲ್ಲಿಂದ ಚಕ್ರಗಳಿಗೆ 3/16 ಇಂಚಿನದು, ತಲಾ 25 ಅಡಿಯ ಸುರುಳಿ ತಂದೆ. ನಿಕ್ಕಲ್-ತಾಮ್ರದ ಮಿಶ್ರಲೋಹದ ಪೈಪು ಕೈಯಲ್ಲೇ ಬಾಗುತ್ತದೆ, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪಿಗೂ ಜಗ್ಗುವುದಿಲ್ಲ. ಬರೀ ತಾಮ್ರದ ಪೈಪು, ಒತ್ತಿ ಬಿಗಿಯುವ ಕಂಪ್ರೆಷನ್ ಜಾಯಿಂಟು ಇವೆರಡೂ ಬ್ರೇಕಿಗೆ ಸಲ್ಲವು.

ಪೈಪಿನ ತುದಿಗೆ ಡಬಲ್ ಫ್ಲೇರ್, ಅಂದರೆ ಎರಡು ಪದರವಾಗಿ ಮಡಿಸಿ ಅಗಲಿಸಿದ ಬಾಯಿ ಬೇಕು. ಕಟರ್‌ನಿಂದ ನೇರವಾಗಿ ಕತ್ತರಿಸಿ, ಒಳಗಿನ ಚೂಪು ಅಂಚನ್ನು ಕೆರೆದು, ಫ್ಲೇರ್ ಮಾಡುವ ಮೊದಲೇ ನಟ್ಟನ್ನು ಪೈಪಿಗೆ ಪೋಣಿಸಿಕೊಳ್ಳಿ. ಇದನ್ನು ಮರೆತರೆ ಚೆನ್ನಾಗಿ ಬಂದ ಫ್ಲೇರನ್ನು ಕತ್ತರಿಸಿ ಎಸೆಯಬೇಕು. ಮೊದಲು ಗುಂಡಿಯಂಥ ಅಚ್ಚಿನಿಂದ ಒತ್ತಿದರೆ ತುದಿ ಸಣ್ಣ ಗುಳ್ಳೆಯ ಹಾಗೆ ಉಬ್ಬುತ್ತದೆ. ಅಚ್ಚು ತೆಗೆದು ಶಂಕುವಿನಿಂದ ಒತ್ತಿದರೆ ಆ ಉಬ್ಬು ಒಳಕ್ಕೆ ಮಡಿದು ಎರಡು ಪದರದ ಆಲಿಕೆಯಂತಾಗುತ್ತದೆ. ಬೆಳಕಿಗೆ ಹಿಡಿದು ನೋಡಿ: ಅಂಚು ಸುತ್ತಲೂ ಒಂದೇ ಅಗಲ ಇರಬೇಕು, ಕೂದಲೆಳೆಯ ಬಿರುಕೂ ಇರಬಾರದು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಬಂದಿದ್ದರೆ ಕತ್ತರಿಸಿದ್ದು ಓರೆ ಎಂದರ್ಥ. ನಟ್ಟನ್ನು ಸಿಕ್ಕಾಪಟ್ಟೆ ಬಿಗಿದು ಅಂಥ ಫ್ಲೇರನ್ನು ಉಳಿಸಿಕೊಳ್ಳಲು ಹೋಗಬೇಡಿ.

ಫ್ರೇಮಿನಿಂದ ಆಕ್ಸಲ್‌ಗೆ ರಬ್ಬರ್ ಹೋಸು ಬೇಕು. ಆಕ್ಸಲ್ ಪೂರ್ತಿ ಇಳಿಬಿದ್ದಾಗಲೂ ಅದು ಬಿಗಿಯಾಗಬಾರದು. ಪ್ರತಿ ಕ್ಯಾಲಿಪರ್‌ಗೂ ಗಿಡ್ಡ ಹೋಸು ಕೊಟ್ಟೆ. ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಅತ್ತಿತ್ತ ಜಾರಬೇಕು. ಗಟ್ಟಿ ಪೈಪು ಹಿಡಿದುಕೊಂಡರೆ ಒಂದೇ ಕಡೆಯ ಪ್ಯಾಡು ಸವೆಯುತ್ತದೆ. ಪೈಪನ್ನು ಫ್ರೇಮಿಗೆ ಒಂದೂವರೆ ಅಡಿಗೊಂದರಂತೆ ಕ್ಲಾಂಪು ಹಾಕಿದೆ. ಆಕ್ಸಲ್ ಕೊಳವೆಗೆ ತೂತು ಕೊರೆಯುವುದು, ವೆಲ್ಡು ಮಾಡುವುದು ಖಂಡಿತ ಬೇಡ, ಸುತ್ತಿ ಕಟ್ಟುವ ಪಟ್ಟಿ ಸಾಕು.

ಇನ್ನು ಕರೆಂಟು. ಡಿಸ್ಕ್ ಹಾಕಿದ ಮೇಲೆ ಟ್ರೈಲರ್ ನಿಲ್ಲುವುದು ಟ್ರೈಲರ್ ಬ್ಯಾಟರಿಯ ಬಲದಿಂದ, ಏಕೆಂದರೆ ಪಂಪಿನ ಮೋಟಾರು ಅಲ್ಲಿಂದಲೇ ಕರೆಂಟು ಎಳೆಯುತ್ತದೆ. ಬ್ಯಾಟರಿಯಿಂದ ಪಂಪಿಗೆ 10 ಗೇಜಿನ ವೈರು, ನಡುವೆ 30 ಆಂಪಿಯರ್ ಬ್ರೇಕರ್, ಗ್ರೌಂಡ್ (ನೆಗೆಟಿವ್) ವೈರೂ ಅಷ್ಟೇ ದಪ್ಪ. ಏಳು ಪಿನ್ನಿನ ಪ್ಲಗ್ಗಿನ ನೀಲಿ ವೈರು ಈಗ ಪಂಪಿಗೆ ಸಿಗ್ನಲ್ ಮಾತ್ರ ಕೊಡುತ್ತದೆ. ಹಳೇ ಅಯಸ್ಕಾಂತಗಳ ಕಡೆಗೆ ಹೋಗುತ್ತಿದ್ದ ಕವಲನ್ನು ಮೂಲದಲ್ಲೇ ಕತ್ತರಿಸಿ ಮುಚ್ಚಿ, ಇಲ್ಲದಿದ್ದರೆ ಆಕ್ಸಲ್ ಒಳಗಿನ ಆ ಸವೆದ ವೈರು ಸಿಗ್ನಲ್ಲನ್ನೇ ನುಂಗುತ್ತದೆ.

ತುಂಬ ಜನ ಎಡವುವ ಜಾಗ ಬ್ಯಾಟರಿ ಕಟಾಫ್ ಸ್ವಿಚ್ಚು. ಪಂಪಿನ ವೈರನ್ನು ಸ್ವಿಚ್ಚಿನ ಆಚೆ ಜೋಡಿಸಿದರೆ, ಸ್ವಿಚ್ಚು ಆಫ್ ಮಾಡಿ ಹೊರಟ ದಿನ ತುರ್ತು ಬ್ರೇಕು ಸತ್ತಂತೆ. ಟ್ರೈಲರ್ ಕಳಚಿಕೊಂಡರೆ ಅದನ್ನು ನಿಲ್ಲಿಸುವುದು, ಟ್ರಕ್ಕಿಗೆ ಕಟ್ಟಿದ ತಂತಿ ತುರ್ತು ಪಿನ್ನನ್ನು ಎಳೆದಾಗ ಓಡುವ ಈ ಪಂಪೊಂದೇ. ನಾನು ನೇರವಾಗಿ ಬ್ಯಾಟರಿ ಟರ್ಮಿನಲ್‌ಗೇ ಕೊಟ್ಟಿದ್ದೇನೆ.

ಟ್ರಕ್ಕಿನ ಕಂಟ್ರೋಲರ್‌ನಲ್ಲಿ ‘ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್’ ಎಂಬ ಆಯ್ಕೆ ಇರಬೇಕು. ಹಳೆಯ ಕಂಟ್ರೋಲರ್‌ಗಳು ಅಯಸ್ಕಾಂತಗಳು ಎಳೆಯುವ ಕರೆಂಟು ಕಾಣದೆ ‘ಟ್ರೈಲರ್ ಇಲ್ಲ’ ಎಂದು ತೋರಿಸುವುದುಂಟು. ಪಂಪು ಕೆಟ್ಟಿದೆ ಎಂದುಕೊಂಡು ಮತ್ತೆ ಬಿಚ್ಚುವ ಮೊದಲು ಅದನ್ನು ನೋಡಿ.

ಬ್ರೇಕ್ ದ್ರವ ಡಾಟ್ 3 ದರ್ಜೆಯದು. ಸಿಲಿಕೋನಿನ ಡಾಟ್ 5 ಇದರ ಜೊತೆ ಬೆರೆಯುವುದಿಲ್ಲ, ಹಾಕಬೇಡಿ. ಪೇಂಟಿನ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿದು ತೊಳೆಯಿರಿ. ಊರಿನ ಗ್ಯಾರೇಜಿನವರು ‘ಏರ್ ತೆಗೆಯೋದು’ ಅನ್ನುವ ಕೆಲಸವೇ ಮುಂದಿನದು. ಪಂಪಿನಿಂದ ಅತಿ ದೂರದ ಚಕ್ರದಿಂದ ಶುರು. ಬ್ಲೀಡರ್‌ಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ದ್ರವವಿರುವ ಬಾಟ್ಲಿಯಲ್ಲಿ ಮುಳುಗಿಸಿ, ಒಬ್ಬರು ಕಂಟ್ರೋಲರ್‌ನ ಕೈ ಲಿವರ್ ಒತ್ತಿ ಹಿಡಿದಾಗ ಇನ್ನೊಬ್ಬರು ಬ್ಲೀಡರ್ ಸಡಿಲಿಸಬೇಕು. ಮೊದಲು ಬರೀ ಗಾಳಿ, ಆಮೇಲೆ ನೊರೆ, ಆಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ. ಒಂದೂ ಗುಳ್ಳೆಯಿಲ್ಲದೆ ಹರಿದ ಮೇಲೂ ಸ್ವಲ್ಪ ಹೊತ್ತು ಬಿಟ್ಟೆ. ಟ್ಯಾಂಕು ಒಮ್ಮೆ ಬರಿದಾದರೆ ಮತ್ತೆ ಮೊದಲಿನಿಂದ. ಎರಡು ಕ್ವಾರ್ಟ್ ದ್ರವ ಇಟ್ಟುಕೊಂಡಿದ್ದರೆ ಸಾಕು.

ಮುಗಿದ ಮೇಲೆ ಪೂರ್ತಿ ಒತ್ತಡ ಹಿಡಿಸಿ, ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಸುತ್ತಿ ಒತ್ತಿ ನೋಡಿದೆ. ಕಣ್ಣಿಗೆ ಕಾಣದ ತೇವ ಕಾಗದದಲ್ಲಿ ಕಲೆಯಾಗಿ ಕಾಣುತ್ತದೆ. ನಂತರ ಟ್ರಕ್ಕಿನ ಪ್ಲಗ್ಗು ಕಿತ್ತು ತುರ್ತು ಪಿನ್ನು ಎಳೆದು ನೋಡಬೇಕು. ಪ್ಲಗ್ಗು ಇದ್ದಾಗ ನೋಡಿದರೆ ಟ್ರಕ್ಕಿನ ಕರೆಂಟೂ ಸೇರಿಕೊಳ್ಳುತ್ತದೆ, ಬ್ಯಾಟರಿಯ ಬಲ ತಿಳಿಯುವುದಿಲ್ಲ.

ವೀಲ್ ನಟ್ಟುಗಳನ್ನು ಮೂರು ಹಂತದಲ್ಲಿ, ಕೊನೆಗೆ 90ರಿಂದ 120 ಅಡಿ-ಪೌಂಡಿಗೆ ಬಿಗಿದು, 10, 25, 50 ಮೈಲಿಗೆ ಮತ್ತೆ ಪಾನಾ ಹಿಡಿಯಬೇಕು. ಖಾಲಿ ಜಾಗದಲ್ಲಿ ಕಂಟ್ರೋಲರ್‌ನ ಗೇಯ್ನ್ (ಟ್ರೈಲರ್ ಬ್ರೇಕಿಗೆ ಕೊಡುವ ಬಲ) ಕಡಿಮೆಯಿಟ್ಟು, 25 ಮೈಲಿ ವೇಗದಿಂದ ಗಾಡಿ ನಿಲ್ಲಿಸುತ್ತಾ ಗೇಯ್ನ್ ಏರಿಸಿ, ಚಕ್ರ ಲಾಕ್ ಆಗುವ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಅದನ್ನು ಇಟ್ಟೆ. ಒತ್ತಡ ಏರಲು ಪಂಪಿಗೆ ಅರೆಕ್ಷಣ ಬೇಕು. ಆ ತಡ ಸಹಜ. ಮೊದಲ ಓಟದ ನಂತರ ನಾಲ್ಕೂ ರೋಟರಿನ ಶಾಖವನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಅಳೆಯಿರಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಕ್ಯಾಲಿಪರ್ ಪಿನ್ನು ಬಿಗಿದಿದೆ ಅಥವಾ ಹೋಸು ತಿರುಚಿಕೊಂಡಿದೆ. ಒಂದು ಮಾತ್ರ ತಣ್ಣಗಿದ್ದರೆ ಅಲ್ಲಿ ಬ್ರೇಕು ಹಿಡಿಯುತ್ತಿಲ್ಲ, ಆ ಚಕ್ರವನ್ನು ಮತ್ತೆ ಬಿಚ್ಚಿ ನೋಡಿ.