ತಲೆಸುತ್ತು: ಏನು ಬರೆದಿಟ್ಟುಕೊಳ್ಳಬೇಕು, ಯಾರ ಬಳಿ ಹೋಗಬೇಕು

ಕೋಣೆ ಗಿರ್ರನೆ ತಿರುಗಿದರೂ ತಲೆಸುತ್ತು, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೂ ತಲೆಸುತ್ತು, ನಡೆಯುವಾಗ ವಾಲಿದಂತಾದರೂ ತಲೆಸುತ್ತೇ. ಮನೆಯವರು ಪಿತ್ತ ಎನ್ನುತ್ತಾರೆ, ಪಕ್ಕದವರು ಬಿಪಿ ಲೋ ಎನ್ನುತ್ತಾರೆ. ಕತ್ತಿನ ಎಕ್ಸ್‌ರೇ ನೋಡಿ ಸ್ಪಾಂಡಿಲೋಸಿಸ್ ಅಂದವರ ಮಾತು ಕೇಳಿ ತಿಂಗಳುಗಟ್ಟಲೆ ಕಾಲರ್ ಕಟ್ಟಿಕೊಳ್ಳುವವರೂ ಇದ್ದಾರೆ. ವಯಸ್ಸಾದಂತೆ ಕತ್ತಿನ ಮೂಳೆ ಸವೆಯುವುದು ಸಾಮಾನ್ಯ. ತಲೆಸುತ್ತಿಗೆ ಅದೇ ಕಾರಣ ಎಂದು ನಂಬಿ ಕೂತರೆ ಸಮತೋಲನ ಕಾಯುವ ಒಳಗಿವಿಯನ್ನು ಯಾರೂ ನೋಡುವುದೇ ಇಲ್ಲ.

ತಲೆಸುತ್ತಿನ ಜೊತೆಗೆ ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ, ಹಿಡಿದುಕೊಳ್ಳದೆ ನಿಲ್ಲಲೇ ಆಗದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೂ ಅದೇ ದಿನ ಇಎನ್‌ಟಿ ವೈದ್ಯರನ್ನು ಕಾಣಿ.

ಇವು ಯಾವುವೂ ಇಲ್ಲವೆಂದರೆ ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ತಲೆಸುತ್ತು ಎಷ್ಟು ಹೊತ್ತು ಇತ್ತು ಎಂಬುದೇ ಎಲ್ಲಕ್ಕಿಂತ ಮುಖ್ಯ. ಮಗ್ಗುಲು ಬದಲಿಸಿದಾಗ, ಅಟ್ಟದತ್ತ ಕತ್ತೆತ್ತಿದಾಗ ಬಂದು ಒಂದು ನಿಮಿಷದೊಳಗೆ ನಿಂತರೆ ಬಿಪಿಪಿವಿ ಇರಬಹುದು: ಒಳಗಿವಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಜಾಗ ಬಿಟ್ಟು ಅರ್ಧವೃತ್ತ ನಾಳದೊಳಗೆ ಸೇರಿರುತ್ತವೆ. 20 ನಿಮಿಷದಿಂದ 12 ಗಂಟೆ ಸುತ್ತಿ, ಕಿವಿ ಕಟ್ಟಿದಂತಾಗಿ ಗುಂಯ್‌ಗುಟ್ಟಿದರೆ ಒಳಗಿವಿಯದೇ ಇನ್ನೊಂದು ತೊಂದರೆಯಾದ ಮೆನಿಯರ್ಸ್ ಕಾಯಿಲೆಯ ಶಂಕೆ. ಬೆಳಕು, ಸದ್ದು ಸಹಿಸಲಾಗದಿದ್ದರೆ, ಮೊದಲಿನಿಂದ ಅರೆತಲೆನೋವು ಇದ್ದರೆ ಮೈಗ್ರೇನ್‌ನ ತಲೆಸುತ್ತನ್ನೂ ಯೋಚಿಸಬೇಕು. ದಿನಗಟ್ಟಲೆ ಬಿಡದೆ ಸುತ್ತಿದರೆ ಸಮತೋಲನ ನರದ ಉರಿಯೂತ ಇರಬಹುದು. ಪಾರ್ಶ್ವವಾಯುವೂ ಹೀಗೇ ಕಾಣುವುದರಿಂದ ಮನೆಯಲ್ಲಿ ಕಾಯುವುದು ಬೇಡ. ಸುತ್ತುತ್ತಿರುವಾಗ ಮನೆಯವರು ಮೊಬೈಲಿನಲ್ಲಿ ನಿಮ್ಮ ಕಣ್ಣುಗಳ ವಿಡಿಯೊ ತೆಗೆಯಲಿ. ಕಣ್ಣುಗುಡ್ಡೆ ಯಾವ ಕಡೆ ಎಳೆಯುತ್ತದೆ ಎಂಬುದು ವೈದ್ಯರಿಗೆ ದೊಡ್ಡ ಸುಳಿವು, ಆಸ್ಪತ್ರೆ ತಲುಪುವ ಹೊತ್ತಿಗೆ ಅದು ನಿಂತೇ ಹೋಗಿರುತ್ತದೆ.

ತಿರುಗುವ ತಲೆಸುತ್ತಿಗೆ ಮೊದಲು ಜಿಲ್ಲಾಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಇಎನ್‌ಟಿ ವಿಭಾಗ ಸಾಕು. 'ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾಡುತ್ತೀರಾ?' ಎಂದು ಕೇಳಿ. ಬೇಗನೆ ಮಲಗಿಸಿ ಕಣ್ಣುಗುಡ್ಡೆಯ ಚಲನೆ ನೋಡಿ ಬಿಪಿಪಿವಿ ಪತ್ತೆ ಮಾಡುವ ಪರೀಕ್ಷೆ ಅದು; ಬೇಕಾದುದು ಒಂದು ಮಂಚ, ಕೆಲವು ನಿಮಿಷ. ಅಲ್ಲಿ ಬಗೆಹರಿಯದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನರದ ಲಕ್ಷಣಗಳಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಎದ್ದಾಗ ಮಾತ್ರ ಕಣ್ಣು ಕತ್ತಲೆ ಬರುವವರು ಮೊದಲು ಫಿಸಿಷಿಯನ್ ಹತ್ತಿರ ಹೋಗಲಿ: ಮಲಗಿ ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿಸಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ತೋರಿಸಿ.

ಬಿಪಿಪಿವಿ ಹೌದು ಎಂದು ಗೊತ್ತಾದರೆ, ಜಾಗ ಬಿಟ್ಟ ಹರಳುಗಳನ್ನು ನಾಳದಿಂದ ಹೊರತರುವ ಎಪ್ಲಿ ವಿಧಾನ ಕಲಿಯಿರಿ. ಬಲಗಿವಿಯ ಹಿಂಭಾಗದ ನಾಳಕ್ಕೆ ಹೀಗೆ: ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಭುಜದ ಕೆಳಗೆ ದಿಂಬು ಬರುವಂತೆ ಬೇಗನೆ ಮಲಗಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿರಲಿ. ತಲೆಯನ್ನು ಎಡಕ್ಕೆ 90 ಡಿಗ್ರಿ ತಿರುಗಿಸಿ. ಆಮೇಲೆ ಮೈಯನ್ನೂ ಎಡ ಮಗ್ಗುಲಿಗೆ ಹೊರಳಿಸಿ, ಮೂಗು ನೆಲದತ್ತ ಇರಲಿ. ಪ್ರತಿ ಹಂತದಲ್ಲೂ ಕನಿಷ್ಠ 30 ಸೆಕೆಂಡು, ಸುತ್ತು ನಿಲ್ಲುವವರೆಗೆ ಕಾಯಿರಿ. ಕೊನೆಗೆ ಎಡಗಡೆಯಿಂದಲೇ ಎದ್ದು ಕೂರಿ. ಮನೆಯಲ್ಲಿ ತಪ್ಪುವುದು ಹೆಚ್ಚಾಗಿ ಮೂರು ಕಡೆ: ಕಿವಿಯೇ ಅದಲುಬದಲು, ತಲೆ ಹಿಂದಕ್ಕೆ ಬಾಗುವುದೇ ಇಲ್ಲ, ಸುತ್ತಿಗೆ ಹೆದರಿ ನಡುವೆಯೇ ಏಳುವುದು. ಕತ್ತಿನ ತೀವ್ರ ತೊಂದರೆ ಇರುವವರು ಇದನ್ನು ಒಂಟಿಯಾಗಿ ಮಾಡಬಾರದು. ಯಾವ ಕಿವಿ, ಯಾವ ನಾಳ ಎಂದು ಹೇಳದೆ ಎಲ್ಲ ತಲೆಸುತ್ತಿಗೂ ಒಂದೇ ಕಸರತ್ತು ತೋರಿಸುವ ವಿಡಿಯೊಗಳನ್ನು ಬಿಟ್ಟುಬಿಡಿ. ಇಂಗ್ಲಿಷ್ ಓದಬಲ್ಲವರಿಗೆ ಅಮೆರಿಕದ ವೆಸ್ಟಿಬ್ಯುಲರ್ ಡಿಸಾರ್ಡರ್ಸ್ ಅಸೋಸಿಯೇಷನ್ ಪ್ರಕಟಿಸುವ ಬರಹಗಳು ನೆರವಾಗುತ್ತವೆ.

ಔಷಧಿ ಅಂಗಡಿಯಲ್ಲಿ ಕೇಳಿ ತಂದ ಪ್ರೊಕ್ಲೋರ್‌ಪೆರಝೀನ್, ಸಿನ್ನರಿಝೀನ್ ಮಾತ್ರೆಗಳನ್ನು ವಾರಗಟ್ಟಲೆ ನುಂಗಬೇಡಿ. ವಾಂತಿ, ಸುತ್ತು ಜೋರಾಗಿರುವ ಮೊದಲೆರಡು ದಿನ ಅವು ಬೇಕಾಗಬಹುದು, ಆದರೆ ಮುಂದುವರಿಸಿದರೆ ಮೆದುಳು ಹೊಸ ಸಮತೋಲನ ಕಲಿಯುವುದನ್ನು ತಡೆಯುತ್ತವೆ. ಸಮತೋಲನ ಪರೀಕ್ಷೆಗೆ ಹೋಗುವ ಮೊದಲು ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಎಂದು ವೈದ್ಯರನ್ನೇ ಕೇಳಿ. ಬಿಪಿ, ಸಕ್ಕರೆ, ಮೂರ್ಛೆರೋಗದ ಮಾತ್ರೆಗಳನ್ನು ನೀವಾಗಿ ನಿಲ್ಲಿಸಲೇಬೇಡಿ.